ಕೊಬ್ಬರಿ ಸೀಮೆಯ ಚಿಲ್ಲರೆ ಚೆಲುವು

ಇಪ್ಪತ್ತು ರೂಪಾಯಿಯ ಹಳೇ ಕೆಂಪು ನೋಟು ಕೈಗೆ ಸಿಕ್ಕರೆ ಖರ್ಚು ಮಾಡುವ ಮುಂಚೆ ಒಂದು ಸಲ ತಿರುಗಿಸಿ ನೋಡಬೇಕು. 2001ರಲ್ಲಿ ಚಲಾವಣೆಗೆ ಬಂದ ನೋಟು ಅದು. ಬೆನ್ನಿನ ಮೇಲೆ ಅಂಡಮಾನಿನ ಮೌಂಟ್ ಹ್ಯಾರಿಯಟ್ ಗುಡ್ಡ, ಪೋರ್ಟ್ ಬ್ಲೇರ್ ಕಡೆಯ ದೀಪಸ್ತಂಭ, ಕಡಲು, ತೆಂಗಿನ ಮರಗಳು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಕಡಲು ಕಂಡದ್ದಲ್ಲ. ಅದಕ್ಕೆ ಗೊತ್ತಿರುವುದು ಕೆರೆ, ಕಟ್ಟೆ, ಕೊಳವೆಬಾವಿ, ಕೆಮ್ಮಣ್ಣು. ಆದರೂ ನಮ್ಮ ಮರ ದೇಶದ ನೋಟಿನ ಮೇಲೆ ನಿಂತಿದೆಯಲ್ಲ ಎಂದು ಈ ಸೀಮೆಯವರಿಗೆ ಒಳಗೊಳಗೇ ಒಂದು ಜಂಬ. 2019ರಲ್ಲಿ ಹಳದಿ ಹಸುರಿನ ಹೊಸ ಇಪ್ಪತ್ತು ಬಂತು, ಅದರ ಬೆನ್ನಿಗೆ ಎಲ್ಲೋರದ ಗುಹೆ. ಮರುವರ್ಷ ಇಪ್ಪತ್ತರ ನಾಣ್ಯ ಬಂತು, ಅದರ ಮೇಲೆ ಕಾಳಿನ ತೆನೆ. ತೆಂಗು ಎರಡರಲ್ಲೂ ಇಲ್ಲ.

ಸಣ್ಣ ಬೆಲೆಯ ನೋಟು ನಿಲ್ಲಿಸಿ ಬರೀ ನಾಣ್ಯ ಚಲಾಯಿಸಬೇಕೇ ಎಂಬ ಪ್ರಶ್ನೆ ಹಣಕಾಸಿನವರಿಗೆ ಖರ್ಚಿನ ಪ್ರಶ್ನೆ. ನೋಟು ಬೇಗ ಸವೆಯುತ್ತದೆ, ಮತ್ತೆ ಮತ್ತೆ ಅಚ್ಚು ಹಾಕಬೇಕು. ನಾಣ್ಯಕ್ಕೆ ಮೊದಲು ದುಡ್ಡು ಹೆಚ್ಚು ಬಿದ್ದರೂ ಒಮ್ಮೆ ಟಂಕಿಸಿದರೆ ಒಂದು ತಲೆಮಾರು ಓಡುತ್ತದೆ. ಈ ಲೆಕ್ಕ ಹಿಡಿದೇ 1994ರಲ್ಲಿ ಒಂದು ರೂಪಾಯಿ ನೋಟಿನ ಅಚ್ಚು ನಿಲ್ಲಿಸಿದರು. 1995ರಲ್ಲಿ ಎರಡರದ್ದೂ ಐದರದ್ದೂ ನಿಂತಿತು. ಐದರ ನೋಟು ಹೊಸ ಶತಮಾನದ ಆರಂಭದಲ್ಲಿ ಟ್ರ್ಯಾಕ್ಟರ್ ಹೊಡೆಯುವ ರೈತನನ್ನು ಹೊತ್ತು ವಾಪಸು ಬಂತು. ಒಂದರ ನೋಟು 2015ರಲ್ಲಿ ಮರಳಿತು. ಹತ್ತರ ನಾಣ್ಯ 2009ರಲ್ಲಿ ಜನರ ಕೈ ಸೇರಿತು, ಹತ್ತರ ನೋಟೂ ಜೊತೆಗೇ ಉಳಿಯಿತು. ಅಂದರೆ ಸರ್ಕಾರಕ್ಕೂ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. ಖಜಾನೆಯ ಲೆಕ್ಕ ಖಜಾನೆಯವರಿಗಿರಲಿ. ನನಗೆ ಇಲ್ಲಿ ಬೇಕಾದದ್ದು ಕಣ್ಣು, ಕೈ, ಕಿವಿಯ ಲೆಕ್ಕ. ಈ ಮೂರು ತಾಲ್ಲೂಕಿನ ಬದುಕು ನಡೆಯುವುದೇ ಈ ಮೂರರ ತೀರ್ಪಿನ ಮೇಲೆ.

ಉಂಡೆ ಕೊಬ್ಬರಿ ಆಗುವ ಬಗೆಯನ್ನು ನೋಡಿದವರಿಗೆ ಇದು ಗೊತ್ತು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳು, ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟು ಈಚೆಗೆ ಸರಿಯಬೇಕು. ಅವಸರ ಮಾಡುವಂತಿಲ್ಲ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವ ಹಾಗೂ ಇಲ್ಲ. ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಡಗಡ ಎಂದರೆ ಉಂಡೆ ಬಿಟ್ಟಿದೆ. ಕುಳುಕುಳು ಎಂದರೆ ಇನ್ನೂ ನೀರಿದೆ, ಅಟ್ಟಕ್ಕೇ ವಾಪಸು. ಮಟ್ಟೆ ಸುಲಿದು, ಚಿಪ್ಪು ತೆಗೆದು, ಉಂಡೆ ಹೊರಗೆ ಬಂದ ಮೇಲೆ ಕಣ್ಣಿನ ಸರದಿ. ಕಂದು ಸಿಪ್ಪೆ ಒಂದೇ ಸಮ ಇದೆಯೇ, ಬೂಷ್ಟು ಹಿಡಿದಿದೆಯೇ, ಮಚ್ಚಿನ ಏಟು ಬಿದ್ದು ಬಿಳಿ ಕಂಡಿದೆಯೇ ಎಂದು ನೋಡಬೇಕು. ಕೊನೆಗೆ ಮೂಗು: ಕೌಟು ವಾಸನೆ ಬಂದರೆ ಅದರ ದರ ಬೇರೆ. ತಿಪಟೂರಿನ ಎಪಿಎಂಸಿ ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಕೊಬ್ಬರಿ ಕೈ ಬದಲಾಯಿಸುವುದು ಈ ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ. ಇಲ್ಲಿ ನಿಂತ ಬೆಲೆಯ ಮೇಲೆ ಸುತ್ತಮುತ್ತಲ ಮಾರುಕಟ್ಟೆಗಳೆಲ್ಲ ಕಣ್ಣಿಡುತ್ತವೆ. ಇಲ್ಲಿಂದ ಹೊರಟ ಉಂಡೆ ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಹಬ್ಬದ ತಟ್ಟೆಗಳನ್ನು ಸೇರುತ್ತದೆ.

ಹಿಂದೆ ಬೆಳ್ಳಿ ರೂಪಾಯಿಗೂ ಇದೇ ಪರೀಕ್ಷೆ ಇತ್ತು. ಸಾಹುಕಾರರು ರೂಪಾಯಿಯನ್ನು ಹೆಬ್ಬೆರಳ ಉಗುರಿನಿಂದ ಚಿಮ್ಮಿಸಿ ಕಲ್ಲಿನ ಮೇಲೆ ಬೀಳಿಸುತ್ತಿದ್ದರು. ಟಣ್ ಎಂದು ಉದ್ದಕ್ಕೆ ಹರಿದ ದನಿ ಬಂದರೆ ಅಸಲಿ, ಡಬ್ ಎಂದರೆ ಸೀಸ ಬೆರೆತದ್ದು. ಕಾಯಿ ಅಲ್ಲಾಡಿಸುವ ಕಿವಿಯೂ ರೂಪಾಯಿ ಚಿಮ್ಮಿಸುವ ಕಿವಿಯೂ ಒಂದೇ. ಒಡೆಯದೆ ಒಳಗನ್ನು ತಿಳಿಯುವ ವಿದ್ಯೆ ಅದು. ಕಾಗದಕ್ಕೆ ಈ ಪರೀಕ್ಷೆಯಿಲ್ಲ. ನೋಟನ್ನು ಬೆಳಕಿಗೆ ಹಿಡಿದು ಗಾಂಧಿಯ ನೆರಳು ಹುಡುಕಬೇಕು, ಬೆಳ್ಳಿಗೆರೆ ಸವರಬೇಕು. ಅದು ನೋಟಿನ ವಿದ್ಯೆ, ಅದರದ್ದೂ ಒಂದು ಸೊಗಸು. ಆದರೆ ಕಿವಿಗೆ ಅಲ್ಲಿ ಕೆಲಸವಿಲ್ಲ.

ಈಗ ಹತ್ತರ ನಾಣ್ಯವನ್ನು ಅಂಗೈ ಮೇಲಿಟ್ಟುಕೊಳ್ಳಿ. ಇಪ್ಪತ್ತೇಳು ಮಿಲಿಮೀಟರ್ ಅಗಲ, ತೂಕ ಏಳೂಮುಕ್ಕಾಲು ಗ್ರಾಂ ಹತ್ತಿರ. ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಬಳೆಯದ್ದು ಅಲ್ಯುಮಿನಿಯಂ ಬೆರೆತ ಕಂಚು, ಬಿಲ್ಲೆಯದ್ದು ತುಕ್ಕು ಹಿಡಿಯದ ಉಕ್ಕು. ಎರಡು ಲೋಹವನ್ನು ಬೆಸುಗೆಯಿಲ್ಲದೆ ಒಂದೇ ಒತ್ತಿಗೆ ಒಂದರೊಳಗೊಂದು ಕೂರಿಸಿದ್ದಾರೆ. ಉಗುರು ಆಡಿಸಿದರೆ ಸಂದು ಸಿಗುವುದು ಕಷ್ಟ. ಹೊಸದಾಗಿದ್ದಾಗ ಹಳದಿಗೂ ಬಿಳಿಗೂ ಒಳ್ಳೆಯ ಮೇಳ. ಅಂಗಡಿ ಗಲ್ಲಾಗಳನ್ನು ಸುತ್ತಿ ಹಳತಾದಂತೆ ಬಳೆ ಕಂದಾಗುತ್ತದೆ, ಬಿಲ್ಲೆ ಮಾತ್ರ ಬಿಳಿಯಾಗೇ ಉಳಿಯುತ್ತದೆ. ಆಗ ಮೇಳ ಇನ್ನೂ ಚೆನ್ನ. ಇಸವಿಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದರೆ ಟಂಕಸಾಲೆಯ ಗುರುತು ಸಿಗುತ್ತದೆ: ವಜ್ರಾಕೃತಿಯಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ಅಚ್ಚುಕಟ್ಟಾದ ಕೆಲಸ ಹತ್ತು ರೂಪಾಯಿಗೆ ಬೇರೆಲ್ಲಿ ಸಿಗುತ್ತದೆ?

ಆದರೂ ಇದೇ ನಾಣ್ಯವನ್ನು ನಮ್ಮ ಕಡೆ ಜನ ಬೇಡವೆಂದರು. ಕಿರಾಣಿ ಅಂಗಡಿಯಲ್ಲಿ ಕೊಟ್ಟರೆ, “ಕಾಯಿನ್ ಬ್ಯಾಡ ಕಣಣ್ಣ, ಯಾರೂ ಇಸ್ಕಳಲ್ಲ, ನೋಟಿದ್ರೆ ಕೊಡಿ” ಎಂಬ ಉತ್ತರ. ಹೂವಿನವಳೂ ಬೇಡ ಅಂದಳು, ಆಟೋದವನೂ ಬೇಡ ಅಂದ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ, ಹತ್ತು ಗೆರೆ ಇರುವುದು ಸರಿ, ಹದಿನೈದು ಗೆರೆಯದ್ದು ಸುಳ್ಳು ಎಂದು ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿತು. ಇದು ನಮ್ಮ ಜಿಲ್ಲೆಯ ಕಥೆ ಮಾತ್ರವಲ್ಲ, ದೇಶದ ಎಷ್ಟೋ ಕಡೆ ಹೀಗೇ ಆಯಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಹದಿನಾಲ್ಕು ವಿನ್ಯಾಸದ ಹತ್ತರ ನಾಣ್ಯಗಳು ಬಂದಿವೆ, ಎಲ್ಲವೂ ಕಾನೂನುಬದ್ಧ ಎಂದು ಹೇಳಬೇಕಾಯಿತು. ಅನುಮಾನ ಇದ್ದವರು 14440ಕ್ಕೆ ಫೋನ್ ಮಾಡಿದರೆ ಅದೇ ಮಾತನ್ನು ಧ್ವನಿಮುದ್ರಣದಲ್ಲಿ ಕೇಳಿಸುವ ವ್ಯವಸ್ಥೆಯನ್ನೂ ಮಾಡಿತು.

ಪೇಟೆಯ ಪತ್ರಿಕೆಗಳು ಇದನ್ನು ಹಳ್ಳಿಯವರ ಮೌಢ್ಯ ಎಂದು ಬರೆದವು. ನನಗೆ ಹಾಗನ್ನಿಸುವುದಿಲ್ಲ. ಒಂದೇ ಚೀಲದಲ್ಲಿ ಹದಿನಾಲ್ಕು ಬಗೆಯ ಕೊಬ್ಬರಿ ಬಂದರೆ ತಿಪಟೂರಿನ ವರ್ತಕ ಅದನ್ನು ಮುಟ್ಟುತ್ತಾನೆಯೇ? ಒಂದೇ ದರದ ಮಾಲು ನೋಡಲು ಒಂದೇ ಸಮ ಇರಬೇಕು ಎಂಬುದು ಈ ನೆಲದ ಮೊದಲ ಪಾಠ. ಆ ಪಾಠ ಕಲಿತ ಕಣ್ಣಿಗೆ, ಒಂದೇ ಬೆಲೆ ಹೊತ್ತು ಹದಿನಾಲ್ಕು ಮುಖದಲ್ಲಿ ಬರುವ ನಾಣ್ಯ ಅನುಮಾನ ಹುಟ್ಟಿಸಿದರೆ ಅದು ರಸಿಕತೆ, ದಡ್ಡತನವಲ್ಲ. ನೋಡಿ ತಿಳಿಯುವ ಜನರ ಕೈಗೆ, ನೋಡಿದರೆ ತಿಳಿಯದ ವಸ್ತು ಕೊಟ್ಟವರ ತಪ್ಪು.

ನೋಟಿಗೂ ನ್ಯಾಯ ಮಾಡಬೇಕು. ಅದರಲ್ಲಿರುವ ಒಂದು ಚೆಲುವು ನಾಣ್ಯಕ್ಕೆ ಇನ್ನೂ ಒದಗಿಲ್ಲ. 2018ರಲ್ಲಿ ಬಂದ ಚಾಕೊಲೆಟ್ ಬಣ್ಣದ ಹತ್ತನ್ನು ತಿರುಗಿಸಿದರೆ ಕೋಣಾರ್ಕದ ಗಾಲಿ, ಪಕ್ಕದಲ್ಲಿ ಹದಿನೈದು ಭಾಷೆಗಳ ಪಟ್ಟಿ. ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು: ಹತ್ತು ರೂಪಾಯಿಗಳು. ಅಕ್ಷರ ಇರುವೆಯ ಗಾತ್ರ. ಆದರೂ ಅಕ್ಷರ ಕಲಿಯುತ್ತಿರುವ ಮಗುವಿಗೆ ನೋಟು ಕೊಟ್ಟು ಕನ್ನಡ ಹುಡುಕು ಎಂದರೆ ಅದು ಕಣ್ಣರಳಿಸಿ ಹುಡುಕುತ್ತದೆ. ನಾಣ್ಯದ ಮೇಲೆ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡವಿಲ್ಲ. ನೋಟಿಗೆ ಕನ್ನಡದ ನೆಲದ ನಂಟೂ ಇದೆ. 1996ರಿಂದ ಮೈಸೂರಿನ ಮುದ್ರಣಾಲಯದಲ್ಲಿ ನೋಟು ಅಚ್ಚಾಗುತ್ತಿದೆ, ಕಾಗದದ ಕಾರ್ಖಾನೆಯೂ ಅಲ್ಲೇ ಬಂದಿದೆ. ಆ ಕಾಗದ ಮರದ ತಿರುಳಿನದ್ದಲ್ಲ, ಹತ್ತಿಯದ್ದು. ಹೊಸ ಕಟ್ಟಿನ ನೋಟನ್ನು ಬೆರಳ ತುದಿಯಲ್ಲಿ ಎಣಿಸುವಾಗ ಬರುವ ಸರಸರ ಸದ್ದಿನಲ್ಲಿ ಕಾಗದಕ್ಕಿಂತ ಬಟ್ಟೆಯ ಗುಣವೇ ಹೆಚ್ಚು.

ಆದರೆ ಆ ಸರಸರ ಎಷ್ಟು ದಿನ? ಕೊಬ್ಬರಿ ಸುಲಿಸುವ ಕಣದಲ್ಲಿ ಒಂದು ವಾರ ಓಡಾಡಿದ ಹತ್ತರ ನೋಟನ್ನು ನೋಡಿ. ದಿನವಿಡೀ ಉಂಡೆ ಹಿಡಿದ ಬೆರಳಿನ ಎಣ್ಣೆ ಮೊದಲು ಅಂಚಿಗೆ ಇಳಿಯುತ್ತದೆ, ಆಮೇಲೆ ಮಡಿಕೆಗೆ. ಎಣ್ಣೆ ಕುಡಿದ ಜಾಗದಲ್ಲಿ ಕಾಗದ ಪಾರದರ್ಶಕವಾಗಿ, ಈಚೆ ಬದಿಯ ಅಂಕಿ ಆಚೆ ಬದಿಗೆ ಕಾಣುತ್ತದೆ. ಮೇಲೆ ಮಟ್ಟೆಯ ಧೂಳು ಕೂರುತ್ತದೆ. ಎಳನೀರು ಕೊಚ್ಚುವವನ ಕೈಗೆ ಹೋದರೆ ಒದ್ದೆಯಾಗಿ ಮೆತ್ತಗಾಗುತ್ತದೆ. ಮಡಿಕೆಯಲ್ಲಿ ಸೀಳಿ, ಅಂಟುಪಟ್ಟಿ ಹಾಕಿಸಿಕೊಂಡು, ಕೊನೆಗೆ ಮೂಲೆ ಹರಿದ ನೋಟನ್ನು ಒಳ್ಳೆಯ ನೋಟುಗಳ ನಡುವೆ ತೂರಿಸಿ ದಾಟಿಸುವ ಕೈಚಳಕಕ್ಕೆ ಬಂದು ನಿಲ್ಲುತ್ತದೆ. ಹತ್ತರ ನೋಟಿಗೆ ಪ್ಲಾಸ್ಟಿಕ್ ರೂಪ ಕೊಡುವ ಯೋಚನೆಯೂ ಒಮ್ಮೆ ಬಂದಿತ್ತು. ನೂರು ಕೋಟಿ ನೋಟುಗಳನ್ನು ಪ್ರಯೋಗಕ್ಕೆ ಬಿಡಲು ಆರಿಸಿದ ಐದು ಊರುಗಳಲ್ಲಿ ಮೈಸೂರೂ ಒಂದು. ಅದು ಜನರ ಕೈಗೆ ಬರಲಿಲ್ಲ. ಕಡಿಮೆ ಬೆಲೆಯ ನೋಟೇ ಹೆಚ್ಚು ಕೈ ಬದಲಾಯಿಸುವುದು, ಅದೇ ಹೆಚ್ಚು ಸವೆಯುವುದು. ಐನೂರರ ನೋಟು ಮಡಿಯಾಗಿ ಬೀರುವಿನಲ್ಲಿರುತ್ತದೆ. ಹತ್ತರದ್ದಕ್ಕೆ ದಿನವೂ ಕೂಲಿ ಕೆಲಸ. ದುಡಿಯುವ ಹಣಕ್ಕೆ ಲೋಹದ ಮೈಯೇ ಸರಿ ಎನ್ನಿಸುವುದು ಇಲ್ಲಿ.

ಸಣ್ಣ ನಾಣ್ಯವನ್ನು ಅಂದವಾಗಿ ಮಾಡುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. 1957ರ ಏಪ್ರಿಲ್ 1ರಂದು ಆಣೆ ಪೈ ಹೋಗಿ ನಯಾಪೈಸೆ ಬಂದಾಗ, ಮುಂದೆ ಅಲ್ಯುಮಿನಿಯಂ ಕಾಲ ಬಂದಾಗ, ಒಂದೊಂದು ಬೆಲೆಗೂ ಒಂದೊಂದು ಆಕಾರ. ಐದು ಪೈಸೆ ಮೂಲೆ ತಿರುವಿದ ಚೌಕ, ಮೂರು ಪೈಸೆ ಆರು ಮೂಲೆ, ಎರಡು ಮತ್ತು ಹತ್ತು ಪೈಸೆ ಅಲೆ ಅಲೆಯ ಅಂಚು. ಎಲೆಯಡಿಕೆ ಸಂಚಿಯೊಳಗೆ ಬೆರಳು ಇಳಿಸಿ, ಅಡಿಕೆ ಚೂರು, ಸುಣ್ಣದ ಡಬ್ಬಿ ದಾಟಿ, ನೋಡದೆಯೇ ಐದು ಪೈಸೆಯನ್ನು ಆರಿಸಿ ತೆಗೆಯುತ್ತಿದ್ದ ಅಜ್ಜಿಯರು ಇದ್ದರು. ಓದು ಬಾರದವರಿಗೂ, ಕಣ್ಣು ಮಂಜಾದವರಿಗೂ ಆ ಅಂಚೇ ಅಕ್ಷರ. 1968ರಿಂದ ಕೆಲವು ವರ್ಷ ಬಂದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಯ ಮೇಲೆ ತಾವರೆ ಅರಳಿತ್ತು. ಅದಕ್ಕೂ ಹಿಂದೆ, ಯುದ್ಧಕಾಲದಲ್ಲಿ ತಾಮ್ರಕ್ಕೆ ಬರ ಬಂದು ನಡುವೆ ತೂತು ಬಿಟ್ಟು ಟಂಕಿಸಿದ ಕಾಸನ್ನು ಮಕ್ಕಳ ಉಡಿದಾರಕ್ಕೆ ಪೋಣಿಸಿದವರಿದ್ದರು. ಕಾಸು ಸತ್ತ ಮೇಲೂ ಒಡವೆಯಾಗಿ ಬಾಳಿತು.

ಈ ವಿದ್ಯೆ ನಡುವೆ ಎಲ್ಲೋ ಕೈತಪ್ಪಿತು. 2007ರ ಸುಮಾರಿಗೆ ಬಂದ ನೃತ್ಯಮುದ್ರೆಯ ಸರಣಿಯಲ್ಲಿ ಒಂದು ರೂಪಾಯಿಗೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು, ಐವತ್ತು ಪೈಸೆಗೆ ಮುಷ್ಟಿ. ಕಲ್ಪನೆ ಚೆಂದ. ಆದರೆ ಲೋಹ ಒಂದೇ, ಬಣ್ಣ ಒಂದೇ, ದುಂಡು ಒಂದೇ, ಗಾತ್ರದಲ್ಲಿ ಅಂತರ ಅಷ್ಟಕ್ಕಷ್ಟೇ. ಮುಸ್ಸಂಜೆಯ ಸಂತೆಯಲ್ಲಿ ಒಂದೋ ಎರಡೋ ಎಂದು ಬೀದಿದೀಪಕ್ಕೆ ಹಿಡಿದು ನೋಡಬೇಕಾಯಿತು. 2019ರ ಸರಣಿಯಲ್ಲಿ ತಿದ್ದಿಕೊಂಡರು. ಒಂದು ರೂಪಾಯಿ ಮೂರು ಗ್ರಾಂ ಚಿಲ್ಲರೆ, ಐದು ಆರೂಮುಕ್ಕಾಲು, ಇಪ್ಪತ್ತು ಎಂಟೂವರೆ ಗ್ರಾಂ. ಬೆಲೆ ಏರಿದಂತೆ ತೂಕವೂ ಏರುತ್ತದೆ. ಇಪ್ಪತ್ತಕ್ಕೆ ಹನ್ನೆರಡು ಮೂಲೆ ಕೊಟ್ಟಿದ್ದಾರೆ. ಹೆಬ್ಬೆರಳು ಆಡಿಸಿದರೆ ಕತ್ತಲಲ್ಲೂ ತಿಳಿಯುತ್ತದೆ. ಕಣ್ಣು ಕಾಣದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ಏರ್ಪಾಡಿನಿಂದ ಕಣ್ಣಿದ್ದವರಿಗೂ ಸುಖ.

ಬಳಕೆಯ ಹಣ ಒಂದು ಕಡೆ. ಕೊಡುವ, ಹರಸುವ, ಹರಕೆ ಕಟ್ಟುವ ಹಣ ಇನ್ನೊಂದು ಕಡೆ. ಅಲ್ಲಿ ಈ ಸೀಮೆಯಲ್ಲಿ ನಾಣ್ಯದ್ದೇ ರಾಜ್ಯಭಾರ, ಅದರ ಪಕ್ಕದಲ್ಲಿ ಯಾವಾಗಲೂ ತೆಂಗು. ಕಲಶ ಇಡುವಾಗ ತಂಬಿಗೆಯ ನೀರಿಗೆ ನಾಣ್ಯ ಬಿಟ್ಟು, ವೀಳ್ಯದೆಲೆ ಜೋಡಿಸಿ, ಮೇಲೆ ಕಾಯಿ ಕೂರಿಸಬೇಕು. ನೀರಿಗೆ ನೋಟು ಬಿಡಲಾದೀತೇ? ಮಗಳಿಗೆ ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚಿನ ಜೊತೆ ನಾಣ್ಯ ಬೀಳಬೇಕು. ಮನೆದೇವರು ಎಡೆಯೂರು ಸಿದ್ಧಲಿಂಗೇಶ್ವರನಾಗಲಿ, ದಸರೀಘಟ್ಟದ ಚೌಡೇಶ್ವರಿಯಾಗಲಿ, ಮಗುವಿಗೆ ಜ್ವರ ಬಂದ ರಾತ್ರಿ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಮುಡಿಪಿಡುವುದು ನಾಣ್ಯವನ್ನೇ. ವರ್ಷ ಕಳೆದು ಜಾತ್ರೆಗೆ ಹೋದಾಗ ಗಂಟು ಬಿಚ್ಚಿದರೆ ಅರಿಶಿನ ಮೆತ್ತಿದ ಬಿಲ್ಲೆ ಹಾಗೇ ಇರುತ್ತದೆ. ಇನ್ನು ಮದುವೆ ಮನೆಯ ಮುಯ್ಯಿ. ನೂರು ಕೊಟ್ಟರೆ ಸಾಲದು, ನೂರಾ ಒಂದು ಆಗಬೇಕು. ಐನೂರು ಐನೂರಾ ಒಂದಾಗಬೇಕು. ಆ ಒಂದನ್ನು ಅಂಗಡಿಯವರು ಮೊದಲೇ ಕವರಿನ ಮೂಲೆಗೆ ಅಂಟಿಸಿ ಮಾರುತ್ತಾರೆ. ಒಳಗಿನ ನೋಟು ಎಷ್ಟೇ ದೊಡ್ಡದಿರಲಿ, ಅದನ್ನು ಮಂಗಳಕ್ಕೆ ತರುವುದು ಹೊರಗಿನ ಒಂದು ರೂಪಾಯಿ ಬಿಲ್ಲೆ. ನೋಟಿಗೂ ತನ್ನ ಮೆರೆದಾಟ ಇಲ್ಲದಿಲ್ಲ. ವರಮಹಾಲಕ್ಷ್ಮಿಯ ಹಿಂದೆ ಗರಿಗರಿ ನೋಟನ್ನು ಬೀಸಣಿಗೆ ಮಡಿಸಿ ಜೋಡಿಸುತ್ತಾರೆ. ಹಬ್ಬ ಮುಗಿದ ಮೇಲೆ ಅದು ಎಣಿಸಿಕೊಂಡು ಬೀರುವಿಗೆ ಹೋಗುತ್ತದೆ. ಕಲಶದೊಳಗಿನ ನಾಣ್ಯ ದೇವರ ಗೂಡಿನಲ್ಲೇ ಉಳಿಯುತ್ತದೆ.

2006ರಲ್ಲಿ ಬಸವೇಶ್ವರರ ಸ್ಮರಣೆಗೆ ಐದು ರೂಪಾಯಿ ನಾಣ್ಯ ಹೊರಟಿತು. ಚಿಲ್ಲರೆಯ ನಡುವೆ ಅದು ಬಂದಾಗ ಖರ್ಚು ಮಾಡಲು ಮನಸ್ಸಾಗದೆ ಎತ್ತಿಟ್ಟವರನ್ನು ಬಲ್ಲೆ. ಕಾಯರ್ ಬೋರ್ಡಿಗೆ ಅರವತ್ತು ತುಂಬಿದ್ದಕ್ಕೆ ಹತ್ತರ ನಾಣ್ಯವೊಂದು ಬಂತು. ಮಟ್ಟೆಯಿಂದ ನಾರು ತೆಗೆದು ಹೊಟ್ಟೆ ಹೊರೆಯುವ ನಮ್ಮ ಊರುಗಳಿಗೆ ಅದು ಸಲ್ಲಬೇಕಾದ ನಾಣ್ಯ. ವಿಪರ್ಯಾಸವೆಂದರೆ ಹತ್ತರ ಹಲವು ಮುಖಗಳಲ್ಲಿ ಅದೂ ಒಂದಾಗಿ, ಅಂಗಡಿಯವರ ಅನುಮಾನದ ರಾಶಿಗೇ ಸ್ವಲ್ಪ ಸೇರಿಸಿತು.

ಕನ್ನಡ ನೆಲದ ನಾಣ್ಯಗಳು ಹಿಂದೆ ಹೀಗೆ ಗೊಂದಲಕ್ಕೆ ಎಡೆ ಕೊಟ್ಟದ್ದು ಕಡಿಮೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣ ಚಿನ್ನದ್ದು, ಅಗಲ ಐದಾರು ಮಿಲಿಮೀಟರ್. ಅಷ್ಟು ಜಾಗದಲ್ಲಿ ಒಂದು ಬದಿಗೆ ನರಸಿಂಹ ಕೂತಿದ್ದಾನೆ, ಇನ್ನೊಂದು ಬದಿಗೆ ನಾಗರಿಯಲ್ಲಿ ಶ್ರೀ ಕಂಠೀರವ. ಬೆರಳ ಸಂದಿಯಿಂದ ಜಾರಿದರೆ ಹುಡುಕುವುದು ಕಷ್ಟ, ಆದರೆ ಯಾವುದು ಎಂದು ಗುರುತು ಹಿಡಿಯುವುದು ಕಷ್ಟವಲ್ಲ. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ. ಆಮೇಲೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರೂ ಆನೆಯನ್ನು ಮೊದಲು ಹಾಗೇ ಉಳಿಸಿಕೊಂಡರು. ಮೇಲೆ ಸೂರ್ಯ ಚಂದ್ರರ ನಡುವೆ ಶ್ರೀ, ಹಿಂದೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬೆಲೆ, ಅದರ ಜೊತೆ ಇಂಗ್ಲಿಷಿನಲ್ಲೂ ಅದೇ ಬೆಲೆ. ಈ ತಾಮ್ರದ ಬಿಲ್ಲೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಅಚ್ಚು ಓರೆಯಾಗಿದೆ, ಅಕ್ಷರದ ತಲೆಕಟ್ಟು ಅಂಚಿನಾಚೆ ಜಾರಿದೆ, ಆನೆಯ ಬಾಲ ಅರ್ಧವೇ ಬಿದ್ದಿದೆ. ಆದರೆ ಆನೆ ಆನೆಯೇ, ಸೊಂಡಿಲು ಎತ್ತಿ ನಡೆಯುತ್ತಿದೆ. ದೊರೆ ಬದಲಾದರೂ, ಮನೆತನವೇ ಬದಲಾದರೂ ಪ್ರಜೆಯ ಕೈಯ ಕಾಸಿನ ಒಂದು ಮುಖ ಗುರುತು ತಪ್ಪಲಿಲ್ಲ. 1843ರ ತನಕ ನಡೆದ ಆ ಟಂಕಸಾಲೆಗೆ ತಿಳಿದಿದ್ದ ಗುಟ್ಟು ಅದು.

ಲೋಹದ ಪರ ಮಾತಾಡುವವನು ತೂಕದ ಲೆಕ್ಕವನ್ನೂ ಹೇಳಬೇಕು. 2025ನೇ ಸಾಲಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅದನ್ನು ಪೂರಾ ಹತ್ತರ ನಾಣ್ಯದಲ್ಲಿ ಕೊಟ್ಟರೆ 1,210 ನಾಣ್ಯ, ಒಂಬತ್ತು ಕಿಲೋಗೂ ಮೇಲೆ. ಇಪ್ಪತ್ತರ ನಾಣ್ಯದಲ್ಲಾದರೆ ಐದು ಕಿಲೋ. ಕೊಬ್ಬರಿ ಇಳಿಸಿದ ಹೆಗಲಿಗೆ ಮತ್ತೆ ಚೀಲ ಹೊರಿಸಿದಂತಾಯಿತು. ಕಾನೂನಿಗೂ ಇದು ಗೊತ್ತು. 2011ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ನಾಣ್ಯಗಳಲ್ಲಿ ಒಮ್ಮೆಗೆ ಸಾವಿರ ರೂಪಾಯಿಯವರೆಗಿನ ಪಾವತಿಗೆ ಮಾತ್ರ ಕಾನೂನಿನ ಬಲ. ಸಾವಿರ ಅಂದರೆ ನೂರು ಹತ್ತುಗಳು, ಮುಕ್ಕಾಲು ಕಿಲೋ ಚಿಲ್ಲರೆ; ಅಷ್ಟನ್ನು ಸಂತೆಯ ಕೈಚೀಲ ತಡೆಯುತ್ತದೆ. ಒಂದು, ಎರಡು ರೂಪಾಯಿ ನಾಣ್ಯಗಳನ್ನು ನೂರರ ಚೀಲಗಳಲ್ಲಿ ತೂಗಿ ಪಡೆಯಿರಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ತೂಗಿ ಕೊಡುವ, ತೂಗಿ ಕೊಳ್ಳುವ ಕೊಬ್ಬರಿ ಸೀಮೆಗೆ ತೂಗಿ ಪಡೆಯುವ ಹಣ ಹೊಸತೇನಲ್ಲ.

ಚಿಲ್ಲರೆ ಇಲ್ಲದಾಗ ಆಗುವ ಫಜೀತಿ ಎಲ್ಲರಿಗೂ ಗೊತ್ತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಮರೆತರೆ ಆ ಹಣ ಹೋಯಿತು. ಅಂಗಡಿಯಲ್ಲಿ ಎರಡು ರೂಪಾಯಿಗೆ ಚಾಕೊಲೆಟ್ ಕೈಗಿಡುತ್ತಾರೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಆದದ್ದರಿಂದ ಬಸ್ಸಿನ ಚಿಲ್ಲರೆ ಜಗಳ ಅರ್ಧಕ್ಕರ್ಧ ಇಳಿದಿದೆ. ಮಿಕ್ಕದ್ದನ್ನು ಫೋನಿನ ಪಾವತಿ ನುಂಗುತ್ತಿದೆ. ಟೀ ಅಂಗಡಿಯ ಡಬ್ಬಿ ಹತ್ತು ರೂಪಾಯಿ ಬಂದಿದೆ ಎಂದು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಇನ್ನು ಚಿಲ್ಲರೆಯೇ ಬೇಡ, ನಾಣ್ಯವೋ ನೋಟೋ ಎಂಬ ಚರ್ಚೆಯೇ ಹಳತಾಯಿತು ಎನ್ನುವವರಿದ್ದಾರೆ. ಹಾಗೆನ್ನುವವರು ಒಮ್ಮೆ ಸಂತೆಯ ದಿನ ಸೊಪ್ಪಿನ ಸಾಲಿನ ಮುಂದೆ ನಿಲ್ಲಬೇಕು. ಮನೆ ಹಿತ್ತಲಿನ ಕೊತ್ತಂಬರಿ, ಮೆಂತ್ಯ ಹೊತ್ತು ತಂದ ಮುದುಕಿಗೆ ಫೋನಿಲ್ಲ. ಅವಳ ಕಟ್ಟಿಗೆ ಹತ್ತು ರೂಪಾಯಿ. ಅದು ಅವಳ ಕೈಗೇ ಬರಬೇಕು, ಸೆರಗಿನ ತುದಿಯಲ್ಲಿ ಗಂಟಾಗಬೇಕು, ಬಸ್ಸು ಹತ್ತುವ ಮುಂಚೆ ಎಣಿಕೆಗೆ ಸಿಗಬೇಕು. ಚಿಲ್ಲರೆ ಯಾರಿಗಾಗಿ ಎಂದರೆ ಅವಳಿಗಾಗಿ.

ಹಾಗಾದರೆ ಏನು ಮಾಡಬೇಕು? ಬೇರೆ ದೇಶಗಳ ಅನುಭವ ಸಾಕಷ್ಟಿದೆ. ಇಂಗ್ಲೆಂಡಿನವರು 1983ರಲ್ಲಿ ಒಂದು ಪೌಂಡಿನ ನಾಣ್ಯ ತಂದರು, 1988ರಲ್ಲಿ ನೋಟನ್ನು ಹಿಂದಕ್ಕೆ ಪಡೆದರು. ಜನ ಗೊಣಗಿದರು, ಆಮೇಲೆ ಒಗ್ಗಿದರು. ಕೆನಡಾದವರು 1987ರಲ್ಲಿ ಒಂದು ಡಾಲರಿಗೆ, 1996ರಲ್ಲಿ ಎರಡು ಡಾಲರಿಗೆ ಹೀಗೇ ಮಾಡಿದರು. ಅಮೆರಿಕದವರು 1979ರಲ್ಲಿ, 2000ದಲ್ಲಿ ಡಾಲರ್ ನಾಣ್ಯ ಟಂಕಿಸಿದರು, ಆದರೆ ನೋಟನ್ನು ನಿಲ್ಲಿಸಲಿಲ್ಲ. ಜನ ನೋಟು ಹಿಡಿದುಕೊಂಡರು, ನಾಣ್ಯ ಗೋದಾಮಿನಲ್ಲಿ ಕೂತಿತು. ನಾವು ಹತ್ತರ ವಿಷಯದಲ್ಲಿ ಮಾಡಿದ್ದು ಅಮೆರಿಕದ ದಾರಿ. ಎರಡನ್ನೂ ಎದುರಿಗಿಟ್ಟು ಆರಿಸಿಕೊಳ್ಳಿ ಎಂದರೆ ಅಭ್ಯಾಸವೇ ಗೆಲ್ಲುತ್ತದೆ.

ಯೂರೋಪಿನವರು ಇನ್ನೊಂದು ಜಾಣತನ ತೋರಿಸಿದರು. ಯೂರೋ ನಾಣ್ಯದ ಒಂದು ಮುಖ ಎಲ್ಲ ದೇಶಕ್ಕೂ ಒಂದೇ, ಅಲ್ಲಿ ಬೆಲೆ ಮತ್ತು ನಕ್ಷೆ. ಇನ್ನೊಂದು ಮುಖ ಆಯಾ ದೇಶಕ್ಕೆ ಬಿಟ್ಟದ್ದು: ಒಬ್ಬರು ಸಂಗೀತಗಾರನನ್ನೋ ಕವಿಯನ್ನೋ ಇಟ್ಟರೆ ಇನ್ನೊಬ್ಬರು ಹಕ್ಕಿಯನ್ನೋ ಹೂವನ್ನೋ ಇಟ್ಟುಕೊಂಡಿದ್ದಾರೆ. ಮುಖಗಳು ನೂರಾರು, ಆದರೂ ಯಾವ ಅಂಗಡಿಯವನೂ ಖೋಟಾ ಎನ್ನುವುದಿಲ್ಲ, ಯಾಕೆಂದರೆ ಗುರುತು ಹಿಡಿಯುವ ಮುಖ ಒಂದೇ. ನಮ್ಮ ಹತ್ತು ಸೋತದ್ದು ಇಲ್ಲೇ. ಗುರುತಿನ ಮುಖವನ್ನೇ ಪದೇ ಪದೇ ಬದಲಾಯಿಸುತ್ತ ಹೋದೆವು.

ನನ್ನ ಮತ ಇಷ್ಟು. ಇಪ್ಪತ್ತರ ನೋಟು ಸದ್ಯಕ್ಕೆ ಇರಲಿ. ಕೂಲಿಯ ಹಣ ಜೇಬಿನಲ್ಲಿ ಹಗುರವಾಗಿರಬೇಕು. ಹತ್ತು ಪೂರಾ ನಾಣ್ಯವಾಗಲಿ, ನೋಟಿನ ಅಚ್ಚು ನಿಲ್ಲಲಿ. ಆದರೆ ಮೊದಲು ಒಂದು ಮುಖವನ್ನು ಕಲ್ಲಿನಲ್ಲಿ ಕೊರೆದಂತೆ ಸ್ಥಿರ ಮಾಡಿ. ಹಳದಿ ಬಳೆ, ಬಿಳಿ ಬಿಲ್ಲೆ, ದೊಡ್ಡ ಹತ್ತು, ಅಷ್ಟು ಮಾತ್ರ. ಒಂದು ತಲೆಮಾರು ಅದನ್ನು ಮುಟ್ಟಬೇಡಿ. ಇನ್ನೊಂದು ಮುಖವನ್ನು ರಾಜ್ಯಗಳಿಗೆ ಬಿಡಿ. ನೋಟಿನ ಬೆನ್ನಿನ ಮೇಲೆ ನಾಲ್ಕನೆಯ ಸಾಲಿನಲ್ಲಿ ಇರುವೆ ಗಾತ್ರಕ್ಕೆ ಕುಗ್ಗಿರುವ ಕನ್ನಡ ಅಲ್ಲಿ ದುಂಡಗೆ, ಬೆರಳಿಗೆ ತಾಗುವ ಹಾಗೆ ಉಬ್ಬಿ ನಿಲ್ಲಲಿ. ಒಂದು ವರ್ಷ ನಮ್ಮ ಸೀಮೆಯ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಶಿಲ್ಪ ಬರಲಿ, ಇನ್ನೊಂದು ವರ್ಷ ಮಯಿಲಿ ಕಾಸಿನ ಆನೆ ವಾಪಸು ಬರಲಿ, ಮತ್ತೊಂದು ವರ್ಷ ಗೊನೆ ಬಿಟ್ಟ ತೆಂಗು ನಿಲ್ಲಲಿ. ಅಂಥ ಹತ್ತನ್ನು ಕೈಗಿಟ್ಟಾಗ ನಮ್ಮ ಕಿರಾಣಿ ಅಂಗಡಿಯವನು ಬ್ಯಾಡ ಕಣಣ್ಣ ಅನ್ನಲಿ, ನೋಡೋಣ.